ಕೊಟ್ಟಿಗೆ ಎಂದು ಬರೆದ ಮನೆ

ಆ ಊರಿನ ಹೆಸರು ಬರೆಯುವುದಿಲ್ಲ. ಒಮಾನಿನ ರುಸ್ತಾಕ್ ದಾಟಿ ಬೆಟ್ಟದೊಳಗೆ ಇನ್ನೂ ಮುಕ್ಕಾಲು ಗಂಟೆ ಹೋಗಬೇಕು ಎಂದರೆ ಸಾಕು. ಆ ಕಡೆ ಅಂಥ ಊರುಗಳು ಬೇಕಾದಷ್ಟಿವೆ. ತಲೆಯ ಮೇಲೆ ಬೋಳು ಬೆಟ್ಟ, ಅದರ ಬುಡಕ್ಕೆ ಖರ್ಜೂರದ ತೋಟ, ತೋಟದ ಒತ್ತಿಗೆ ಮಣ್ಣಿನ ಹಳೇ ಊರು, ಅಲ್ಲಿಂದ ಕೂಗಳತೆಯಲ್ಲಿ ಡಾಂಬರು ರಸ್ತೆ, ರಸ್ತೆಯ ಎರಡು ಬದಿಗೂ ಸಿಮೆಂಟಿನ ಹೊಸ ಊರು. ಜನರೆಲ್ಲ ಹೊಸ ಊರಿನಲ್ಲಿ ಎಸಿ ಹಾಕಿಕೊಂಡು ಇದ್ದಾರೆ. ಹಳೆಯದಕ್ಕೆ ಹಾರಾ ಎನ್ನುತ್ತಾರೆ. ಅಲ್ಲಿ ಈಗ ಬೆಕ್ಕುಗಳಿವೆ, ಪಾರಿವಾಳಗಳಿವೆ, ರಜಾದಿನವಾದ ಶುಕ್ರವಾರ ಬಂದು ಮುರಿದ ಬಾಗಿಲಿಗೆ ಒರಗಿ ಫೋಟೋ ತೆಗೆಸಿಕೊಂಡು ಹೋಗುವವರಿದ್ದಾರೆ.

ನಾನು ಫೋಟೋ ತೆಗೆಸಿಕೊಳ್ಳಲು ಹೋದವಳಲ್ಲ, ಅಳೆಯಲು ಹೋದವಳು. ಮೈಸೂರಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಮದುವೆಯಾಗಿ ಮಸ್ಕತ್ತಿಗೆ ಬಂದು, ಇಲ್ಲಿನ ನಾಲ್ಕಾರು ಆಫೀಸುಗಳಲ್ಲಿ ನಕ್ಷೆ ಬರೆದು ಕಣ್ಣು ಹಾಳು ಮಾಡಿಕೊಂಡವಳು. ಹಳೇ ಊರುಗಳ ದುರಸ್ತಿಗೆ ಅಳತೆಯ ಕೆಲಸ ಹಿಡಿದಿದ್ದ ಒಂದು ಸಣ್ಣ ಆಫೀಸಿನವರು ಹೆಂಗಸೊಬ್ಬಳು ಬೇಕೆಂದು ಹುಡುಕುತ್ತಿದ್ದರು. ಹಳೇ ಮನೆಗಳ ಬೀಗದ ಕೈ ಎಷ್ಟೋ ಕಡೆ ಇನ್ನೂ ಅಜ್ಜಿಯರ ಹತ್ತಿರವೇ ಇರುತ್ತದೆ, ಅವರು ಪರಗಂಡಸನ್ನು ಒಳಗೆ ಬಿಡುವುದಿಲ್ಲ. ನನ್ನ ಅನುಭವ ನೋಡಿ ಕರೆದರು ಎಂದು ಮನೆಯಲ್ಲಿ ಹೇಳಿಕೊಂಡೆ. ನಿಜವಾಗಿ ಕರೆದದ್ದು ಹೆಂಗಸು ಎಂದು.

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನನ್ನ ಗಂಡನ ಕಂಪನಿಯ ಕಾಂಟ್ರಾಕ್ಟು ಮುಗಿದು ಅವರು ಮನೆಯಲ್ಲಿ ಕೂತಿದ್ದರು. ಅವರ ವೀಸಾಕ್ಕೆ ಉಳಿದದ್ದು ಏಳೆಂಟು ತಿಂಗಳು. ಮಗಳು ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು, ನಡುವೆ ಬಿಡಿಸಿದರೆ ಅವಳ ವರ್ಷವೇ ಹೋಗುತ್ತಿತ್ತು. ನನಗೆ ಆರು ತಿಂಗಳ ಪ್ರೊಬೇಷನ್. ಅದು ಮುಗಿದು ಖಾಯಂ ಪತ್ರ ಕೈಗೆ ಬಂದರೆ ಮಾತ್ರ ನನ್ನ ಕೆಲಸದ ವೀಸಾದ ಆಸರೆಯಲ್ಲಿ ಮೂವರೂ ಅಲ್ ಮವಾಲೇಹ್‌ನ ಆ ಎರಡು ಕೋಣೆಯ ಮನೆಯಲ್ಲಿ ಉಳಿಯಬಹುದಿತ್ತು. ಹಾಗಾಗಿ ಆರು ತಿಂಗಳೂ ನಾನು ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಹೆಚ್ಚು ಅಳೆದೆ. ನಿಧಾನಿ ಎಂಬ ಮಾತು ಯಾರ ಬಾಯಿಂದಲೂ ಬರಬಾರದಿತ್ತು.

ನನ್ನ ಜೊತೆ ಬರುತ್ತಿದ್ದದ್ದು ಆಫೀಸಿನ ಡ್ರೈವರ್ ಒಬ್ಬರೇ. ಉಪ್ಪಿನಂಗಡಿ ಕಡೆಯ ಬ್ಯಾರಿ. ಸಹಮ್‌ನಲ್ಲಿ ಹದಿನೈದು ವರ್ಷ ತರಕಾರಿ ಗಾಡಿ ಓಡಿಸಿ ಬಂದವರು, ಅರಬ್ಬಿ ಭಾಷೆ ನೀರು ಕುಡಿದಷ್ಟು ಸಲೀಸು. ನನ್ನ ಅರಬ್ಬಿ ಅಂಗಡಿಯಲ್ಲಿ ಮೊಸರು ಕೇಳುವಷ್ಟು. ಅವರನ್ನು ನಾನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಂ. ಬೆಳಿಗ್ಗೆ ಆರಕ್ಕೆ ಹೊರಟು ದಾರಿಯಲ್ಲಿ ಪರೋಟ ಸುತ್ತಿಸಿಕೊಂಡು ಎಂಟೂವರೆಗೆ ಹಾರಾದ ಬಾಗಿಲಲ್ಲಿ ಇಳಿಯುತ್ತಿದ್ದೆವು. ಕೆಲಸ ಬಿಟ್ಟು ಬೇರೆ ಮಾತು ನಮ್ಮಲ್ಲಿ ಕಡಿಮೆ. ತಪ್ಪು ಅವರದಲ್ಲ, ನನಗೆ ಬೆಳಿಗ್ಗೆಯಿಂದಲೇ ಮೂಗಿನ ತುದಿಯಲ್ಲಿ ಕೋಪ.

ಹಾರಾದೊಳಗೆ ಮೊದಲ ದಿನ ನಡೆದಾಗ ನನಗೆ ಅನ್ನಿಸಿದ್ದು ಬೇಜಾರು ಒಂದೇ. ಎದುರಿಂದ ಕತ್ತೆ ಬಂದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದಾದ ಓಣಿಗಳು. ಕೆಲವು ಕಡೆ ಓಣಿಯ ಮೇಲೆಯೇ ಒಬ್ಬರ ಮಹಡಿ ಇನ್ನೊಬ್ಬರ ಮಹಡಿಗೆ ತಾಗಿಕೊಂಡು, ಕೆಳಗೆ ಹಗಲಲ್ಲೂ ಮಬ್ಬು. ಖರ್ಜೂರದ ಮರದ ತೊಲೆಗಳು ನಡು ಮುರಿದು ಜೋತುಬಿದ್ದಿದ್ದವು. ಒಂದು ಮನೆಯ ಗೋಡೆಗೂಡಿನಲ್ಲಿ ಬಣ್ಣದ ಪಿಂಗಾಣಿ ತಟ್ಟೆ ಹಾಗೇ ಇತ್ತು. ಇನ್ನೊಂದರಲ್ಲಿ ತೊಲೆಗೆ ತೊಟ್ಟಿಲಿನ ಹಗ್ಗ ಹಾಗೇ ಇತ್ತು, ಅದರ ಕೆಳಗಿನ ನೆಲ ಕುಸಿದು ಕೆಳಕೋಣೆ ಕಾಣುತ್ತಿತ್ತು. ಮಳೆ ಬಂದಾಗಲೆಲ್ಲ ಒಂದೊಂದು ಗೋಡೆ ಕರಗಿ ಕೂತುಬಿಡುತ್ತದಂತೆ. ಊರಿನ ಕೆಳಗೆ ಫಲಜ್, ಅಂದರೆ ಬೆಟ್ಟದಿಂದ ನೀರು ತರುವ ಹಳೇ ಕಾಲುವೆ, ಅದೊಂದೇ ಸದ್ದು ಮಾಡುತ್ತಿತ್ತು. ಜನ ಬಿಟ್ಟುಹೋದ ಊರಿನಲ್ಲಿ ನೀರು ಯಾರಿಗಾಗಿ ಅಷ್ಟು ಅವಸರದಲ್ಲಿ ಹರಿಯುತ್ತಿದೆ ಎಂದು ಸಿಟ್ಟು ಬರುತ್ತಿತ್ತು.

ಬೇರೆಯವರಿಗೆ ಅಲ್ಲಿ ಚಂದ ಕಾಣುತ್ತದೆ. ನನಗೆ ಉದ್ದ, ಅಗಲ, ಗೋಡೆಯ ದಪ್ಪ ಕಾಣುತ್ತದೆ. ಗಂಡ ತಮಾಷೆಗೆ, ‘ನಿನಗೆ ಮನುಷ್ಯರೂ ಅಡಿ ಇಂಚಲ್ಲೇ ಕಾಣೋದು’ ಎನ್ನುತ್ತಿದ್ದರು. ಆಗ ನಕ್ಕಿದ್ದೆ.

ನಮ್ಮ ಕೆಲಸದ ಕ್ರಮ ಸರಳ. ಎರಡು ಬಣ್ಣದ ಹಾಳೆ. ಮನೆಗೆ ಬಿಳಿ ಹಾಳೆ: ಯಾರ ಹೆಸರಿನ ಮನೆ, ಎಷ್ಟು ಕೋಣೆ, ಪೂರ್ತಿ ನಕ್ಷೆ, ಹನ್ನೆರಡು ಫೋಟೋ. ಒಂದು ಮನೆಗೆ ಅರ್ಧ ದಿನ ಹಿಡಿಯುತ್ತದೆ. ಮನೆಗೆ ಹೊಂದಿಕೊಂಡ ಕೊಟ್ಟಿಗೆ, ಸೌದೆಕೋಣೆ, ಕಕ್ಕಸುಗಳಿಗೆ ಹಳದಿ ಹಾಳೆ: ಉದ್ದ, ಅಗಲ, ಒಂದು ಫೋಟೋ, ಯಾವ ಮನೆಗೆ ಸೇರಿದ್ದು ಎಂಬ ನಂಬರು. ಹತ್ತು ನಿಮಿಷದಲ್ಲಿ ಖಲಾಸ್. ಬಿಳಿ ಹಾಳೆಯದು ದುರಸ್ತಿಯಾಗಿ, ಒಡೆಯರ ಹೆಸರು ರಿಜಿಸ್ಟರಿಗೆ ಏರುತ್ತದೆ. ಹಳದಿ ಹಾಳೆಯದು ದಾರಿಗೆ ಅಡ್ಡ ಬಂದರೆ ತೆಗೆಯಬಹುದು.

ಹದಿನೆಂಟನೇ ನಂಬರಿನ ಮನೆಯ ಪಕ್ಕಕ್ಕೆ ಒಂದು ಮಣ್ಣುದಿಬ್ಬ ಇತ್ತು. ಮೇಲಿನದೆಲ್ಲ ಬಿದ್ದುಹೋಗಿ, ದಿಬ್ಬದ ಮಗ್ಗುಲಿಗೆ ಕೆಳಗಿನ ಒಂದು ಕೋಣೆ ಮಾತ್ರ ಉಳಿದಿತ್ತು. ಅದರ ಬಾಗಿಲಿನ ಮುಂದೆ ಪ್ಲಾಸ್ಟಿಕ್ ಚಾಪೆ ಹಾಸಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಕಡ್ಡಿಯಂಥ ಮೈ, ತಲೆಗೆ ಹೂವಿನ ಬಟ್ಟೆ. ಪಕ್ಕದಲ್ಲಿ ಫ್ಲಾಸ್ಕು, ಖರ್ಜೂರದ ಡಬ್ಬಿ. ದಿನಾ ಬೆಳಿಗ್ಗೆ ಹೊಸ ಊರಿನ ಮಗನ ಮನೆಯಿಂದ ನಡೆದು ಬಂದು ಇಲ್ಲಿ ಕೂರುತ್ತಾರೆ ಎಂದು ಡ್ರೈವರ್ ಕೇಳಿ ಹೇಳಿದರು.

‘ಇದು ಅವ್ರ ಉಮ್ಮನ ಮನೆಯಂತೆ ಮೇಡಂ. ಉಮ್ಮ ಇವ್ರಿಗೇ ಕೊಟ್ಟದ್ದು. ಅಣ್ಣತಮ್ಮಂದಿರಿಗೆಲ್ಲ ತೋಟ ಹೋಯ್ತು, ಇವ್ರ ಪಾಲಿಗೆ ಇದೊಂದೇ ಉಂಟಂತೆ. ಕಾಗದ ಎಂತದೂ ಇಲ್ಲ. ನೀವು ಬರೆದ್ರೆ ಇವ್ರ ಹೆಸರು ಬರ್ತದಾ ಅಂತ ಕೇಳ್ತಾ ಇದ್ದಾರೆ.’

‘ನೋಡೋಣ ಅನ್ನಿ’ ಎಂದೆ. ನಾನು ಆ ದಿನ ಇನ್ನೂ ಎರಡು ಮನೆ ಮುಗಿಸಬೇಕಿತ್ತು.

ಅಜ್ಜಿ ನನಗೆ ಕಹ್ವಾ, ಇಲ್ಲಿಯವರ ಹಾಲಿಲ್ಲದ ಕಾಫಿ, ಬಗ್ಗಿಸಿ ಕೊಟ್ಟರು. ನಿಂತೇ ಕುಡಿದು, ಸಾಕು ಎಂದು ತಿಳಿಸಲು ಇಲ್ಲಿಯವರಂತೆ ಬಟ್ಟಲು ಅಲ್ಲಾಡಿಸಿ ವಾಪಸು ಕೊಟ್ಟೆ. ಅವರು ಸೊಂಟದಿಂದ ಉದ್ದನೆ ಕಬ್ಬಿಣದ ಬೀಗದ ಕೈ ತೆಗೆದು ಬಾಗಿಲು ತೆರೆದರು. ಡ್ರೈವರ್ ಕ್ರಮದಂತೆ ಹೊರಗೆ ಉಳಿದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ನಾನು ತಲೆ ಬಗ್ಗಿಸಿ ಒಳಗೆ ಹೋದೆ.

ಕಿಟಕಿಯಿಲ್ಲದ ಕೋಣೆ. ಟಾರ್ಚು ಹಾಕಿದೆ. ಗೋಡೆ ಮೊಣಕಾಲಿನ ಎತ್ತರದವರೆಗೆ ಕಪ್ಪಗೆ ಜಿಡ್ಡುಹಿಡಿದಿತ್ತು. ನೆಲಕ್ಕೆ ಸುಣ್ಣದ ಗಾರೆ, ಗಾರೆಯಲ್ಲಿ ಉದ್ದುದ್ದಕ್ಕೆ ಸಾಲು ಸಾಲು ಸಣ್ಣ ತೋಡು, ಮಧ್ಯೆ ಮಧ್ಯೆ ದಿಂಡು. ಎಲ್ಲ ತೋಡುಗಳೂ ಒಂದೇ ಕಡೆ ಇಳಿಜಾರಾಗಿ, ಅಡ್ಡ ಕಾಲುವೆಯೊಂದಕ್ಕೆ ಸೇರಿ, ಅದು ಮೂಲೆಯ ಗುಂಡಿಗೆ ಇಳಿದಿತ್ತು. ನೆಲದ ತುಂಬ ಆಡಿನ ಹಿಕ್ಕೆ. ನೋಡಿದ ಕೂಡಲೇ ನನಗೆ ಗೊತ್ತಾಗಿಹೋಯಿತು. ಶ್ರೀರಂಗಪಟ್ಟಣದ ಹತ್ತಿರ ನಮ್ಮ ತಾತನ ಮನೆಯಲ್ಲಿ ದನದ ಕೊಟ್ಟಿಗೆಗೆ ಇಂಥದೇ ನೆಲ ಹಾಕಿಸಿದ್ದರು. ಗಂಜಲ ಕಾಲುವೆಗೆ ಹರಿದು ಮೂಲೆಯ ಗುಂಡಿಗೆ ಬೀಳುತ್ತಿತ್ತು, ತಾತ ಅದನ್ನು ಬಕೆಟ್ಟಿನಲ್ಲಿ ಎತ್ತಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ದನದ ಕೊಟ್ಟಿಗೆಯ ಗಂಜಲಗುಂಡಿಯನ್ನು ಕಂಡವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡೆ. ಒಮಾನಿನ ಗುಡ್ಡದಲ್ಲೂ ನಮ್ಮಂಥ ಬುದ್ಧಿವಂತರು ಇದ್ದರಲ್ಲ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು.

ಅಳೆಯುವ ಚಟಕ್ಕೆ ನನ್ನ ಸ್ವಂತ ಪುಸ್ತಕದಲ್ಲಿ ಆ ನೆಲವನ್ನು ಗೀಚಿಕೊಂಡೆ. ತೋಡು ಹನ್ನೊಂದು, ಒಂದೊಂದರ ಅಗಲ ಇಷ್ಟು, ಗುಂಡಿಯ ಆಳ ಇಷ್ಟು. ಹಳದಿ ಹಾಳೆಗೆ ಅದು ಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಒಳಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ‘ಬೈತ್, ಬೈತ್’ ಎನ್ನುತ್ತಿದ್ದರು. ಮನೆ, ಮನೆ. ಆಮೇಲೆ ಬಡಬಡನೆ ಏನೋ ಹೇಳುತ್ತ ಗೋಡೆಯಿಂದ ಸೂರಿನವರೆಗೆ ಕೈ ಆಡಿಸಿ, ಏನನ್ನೋ ಒಂದರ ಮೇಲೊಂದು ಪೇರಿಸಿದಂತೆ ತೋರಿಸಿದರು. ಕೊನೆಗೆ ಬೆರಳನ್ನು ಒಂದು ತೋಡಿನಗುಂಟ ಎಳೆದು ಗುಂಡಿಯವರೆಗೆ ತಂದು, ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ನನ್ನ ಮುಖ ನೋಡಿ ನಕ್ಕರು.

ಆಡಿನ ಹಿಕ್ಕೆಯ ನೆಲ! ವಯಸ್ಸಾಗಿ ತಲೆ ನಿಂತಿಲ್ಲ, ಪಾಪ, ಬಾಯಾರಿಕೆ ಇರಬೇಕು ಎಂದುಕೊಂಡು ನನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅವರ ಕೈಗೆ ಕೊಟ್ಟೆ. ಅವರು ಬಾಟಲಿಯನ್ನೂ ನನ್ನನ್ನೂ ನೋಡಿದರು. ನಗು ನಿಂತಿತು.

ಹೊರಗಿನಿಂದ ಡ್ರೈವರ್ ದನಿ ಕೇಳಿತು. ‘ಮೇಡಂ, ಅವ್ರು ಎಂತದೋ ಹೇಳ್ತಾ ಇದ್ದಾರೆ. ಒಳಗಿಂದ ನಂಗೆ ಸರಿ ಕೇಳ್ತಾ ಇಲ್ಲ. ಒಮ್ಮೆ ಹೊರಗೆ ಬನ್ನಿ, ಸಮಾಧಾನದಲ್ಲಿ ಕೇಳುವ.’

‘ಕೇಳೋದೇನಿದೆ ಭಾಯ್? ಕೊಟ್ಟಿಗೆ ಇದು. ಆಡಿನ ಕೊಟ್ಟಿಗೆ. ನಮ್ಮ ತಾತನ ಮನೇಲಿ ಹಿಂಗೇ ಇತ್ತು.’

‘ಹಟ್ಟಿಗೆ ಬೀಗ ಯಾಕೆ ಹಾಕಿದ್ದಾರೆ ಅಂತ...’

‘ಭಾಯ್, ನೀವು ಗಾಡಿ ನೋಡ್ಕೊಳಿ, ನಾನು ಗೋಡೆ ನೋಡ್ಕೊತೀನಿ.’

ಈ ಮಾತನ್ನು ನಾನು ಹಾಗೇ, ಅದೇ ದನಿಯಲ್ಲಿ ಆಡಿದೆ. ಇವತ್ತಿಗೂ ಅದು ನನ್ನ ಕಿವಿಯಲ್ಲಿದೆ. ಬಾಗಿಲಿನಿಂದ ಒಂದು ಫೋಟೋ ತೆಗೆದೆ, ಕತ್ತಲು ಬಿಟ್ಟು ಬೇರೇನೂ ಬರಲಿಲ್ಲ. ಹಳದಿ ಹಾಳೆ ತುಂಬಿ ಹದಿನೆಂಟು-ಎ ಎಂದು ನಂಬರು ಹಾಕಿದೆ. ಹಾಗೆ ಹಾಕಿದ್ದರಿಂದ ಆ ಕೋಣೆ, ಅದರ ಮೇಲಿನ ದಿಬ್ಬ, ಅದು ನಿಂತ ನೆಲ ಎಲ್ಲವೂ ಹದಿನೆಂಟನೇ ಮನೆಯವನದಾಯಿತು. ಅವನು ಸಹಮ್‌ನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಪಕ್ಕದ ಮನೆಯ ವಾರಸುದಾರ. ಅಜ್ಜಿ ಬಾಗಿಲಿಗೆ ಬೀಗ ಹಾಕಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಏನೋ ಹರಸಿದರು. ನಾನು ಹಾಳೆ ತುಂಬಿದ್ದನ್ನು ಅವರು ನೋಡಿದ್ದರು. ಬರೆದಾಯಿತಲ್ಲ ಎಂದು ಅವರಿಗೆ ಸಂತೋಷ.

ಎರಡು ತಿಂಗಳ ಮೇಲೆ ಒಂದು ಶುಕ್ರವಾರ ನಾವು ಮೂವರೂ ರುಸ್ತಾಕ್ ಕಡೆಯ ಒಂದು ಕೋಟೆ ನೋಡಲು ಹೋದೆವು. ಗಂಡನಿಗೆ ಮನೆಯಲ್ಲಿ ಕೂತು ಕೂತು ಮುಖ ಬಾಡಿತ್ತು. ಮಗಳು ಪುಸ್ತಕದಿಂದ ತಲೆ ಎತ್ತಿ ಎಷ್ಟು ದಿನವಾಗಿತ್ತೋ. ಕೋಟೆಯ ಕೆಳಗಿನ ಒಂದು ಕೋಣೆಗೆ ಕಾವಲಿನವನು ದೀಪ ಹಾಕಿದ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅದೇ ನೆಲ. ಅದೇ ತೋಡು, ಅದೇ ದಿಂಡು, ಅದೇ ಇಳಿಜಾರು, ಮೂಲೆಯಲ್ಲಿ ಅದೇ ಗುಂಡಿ. ಇಲ್ಲಿ ಗುಂಡಿಯೊಳಗೆ ಒಂದು ಮಣ್ಣಿನ ಹೂಜಿ ಕೂತಿತ್ತು. ದಿಂಡುಗಳ ಮೇಲೆ ಈಚಲಗರಿಯ ಚೀಲಗಳನ್ನು ಸೂರಿನವರೆಗೆ ಪೇರಿಸಿ ತೋರಿಕೆಗೆ ಇಟ್ಟಿದ್ದರು.

ಕಾವಲಿನವನು ಹಿಂದಿಯಲ್ಲಿ ವಿವರಿಸಿದ. ಚೀಲದಲ್ಲಿ ಖರ್ಜೂರ ತುಂಬಿ ಹೀಗೆ ಪೇರಿಸುತ್ತಿದ್ದರು. ತಿಂಗಳುಗಟ್ಟಲೆ ಮೇಲಿನ ಭಾರಕ್ಕೆ ಕೆಳಗಿನ ಹಣ್ಣು ಹಿಂಡಿ ಪಾಕ ಇಳಿಯುತ್ತದೆ, ತೋಡಿನಲ್ಲಿ ಹರಿದು ಹೂಜಿಗೆ ತುಂಬುತ್ತದೆ. ಮನೆಯ ಮಕ್ಕಳು ಕಳ್ಳತನದಿಂದ ಬಂದು ತೋಡಿನಲ್ಲಿ ಬೆರಳು ಎಳೆದು ನೆಕ್ಕುತ್ತಿದ್ದರು. ಎಲ್ಲರ ಮನೆಯಲ್ಲೂ ಇಂಥ ಕೋಣೆ ಇರುತ್ತಿರಲಿಲ್ಲ, ತೋಟ ಇದ್ದ ದೊಡ್ಡ ಮನೆಗಳಲ್ಲಿ ಮಾತ್ರ. ಮನೆಯ ನಡುಮಧ್ಯದ ಕೋಣೆ ಇದು, ಎಂದ.

‘ಅಮ್ಮಾ, ದಿಸ್ ಈಸ್ ಸೋ ಕೂಲ್’ ಎಂದಳು ಮಗಳು. ‘ಯು ಓಕೆ?’

‘ಸೆಖೆ ಕಣೇ’ ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆ ಅಜ್ಜಿ ಹುಡುಗಿಯಾಗಿದ್ದಾಗ ನೆಕ್ಕಿದ ಪಾಕವನ್ನು ನನಗೆ ತೋರಿಸುತ್ತಿದ್ದರು. ನಾನು ಅವರಿಗೆ ನೀರಿನ ಬಾಟಲಿ ಕೊಟ್ಟು ಬಂದಿದ್ದೆ. ಮನೆ, ಮನೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಆ ದಿಬ್ಬವಷ್ಟೂ ಅವರ ಮನೆ, ಆ ಕೋಣೆ ಅದರ ಹೊಟ್ಟೆ. ನಾನು ಅದನ್ನು ಪಕ್ಕದವನ ಆಡಿನ ಕೊಟ್ಟಿಗೆ ಎಂದು ಸಹಿ ಹಾಕಿ ಕೊಟ್ಟಿದ್ದೆ.

ತಪ್ಪು ಎಲ್ಲರಿಂದಲೂ ಆಗುತ್ತದೆ. ತಿದ್ದಲು ಆಗ ಸಮಯವೂ ಇತ್ತು. ವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಹೋಗಿ ನಾಲ್ಕು ಸಾಲಿನ ಇಮೇಲ್ ಹಾಕಿದ್ದರೆ ಮುಗಿಯುತ್ತಿತ್ತು: ಹದಿನೆಂಟು-ಎ ನನ್ನಿಂದಾದ ತಪ್ಪು, ಅದು ಬೇರೆಯೇ ಮನೆ, ಮತ್ತೆ ಅಳೆಯಬೇಕು. ಬರೆದೆ ಕೂಡ. ಕಳಿಸುವ ಮುಂಚೆ ತಲೆ ಲೆಕ್ಕಾಚಾರಕ್ಕೆ ಇಳಿಯಿತು. ನನ್ನ ಪ್ರೊಬೇಷನ್ ಮುಗಿಯುವುದು ಮುಂದಿನ ವಾರದ ಗುರುವಾರ. ಖರ್ಜೂರದ ಕೋಣೆ ಯಾವುದು, ಕೊಟ್ಟಿಗೆ ಯಾವುದು ಎಂದು ತಿಳಿಯದವಳು ಇಷ್ಟು ದಿನ ಏನು ಅಳೆದಳು ಎಂದು ನಮ್ಮ ಹಿರಿಯ ಎಂಜಿನಿಯರ್ ಕೇಳುತ್ತಾರೆ. ಕೇಳಲೇಬೇಕು. ನಾನು ಮುಗಿಸಿದ ಅಷ್ಟೂ ಹಾಳೆಗಳನ್ನು ಮತ್ತೆ ಪರೀಕ್ಷಿಸುತ್ತಾರೆ. ಪತ್ರ ಬರುವುದಿಲ್ಲ. ಗಂಡ, ಮಗಳು, ನಾನು ಮೂವರೂ ಗಂಟುಮೂಟೆ ಕಟ್ಟಬೇಕು. ಇಷ್ಟು ವರ್ಷ ಬಿದ್ದೇ ಇದ್ದ ದಿಬ್ಬ ಇನ್ನು ಹತ್ತು ದಿನ ಬಿದ್ದಿದ್ದರೆ ಯಾರ ಗಂಟು ಹೋಗುತ್ತದೆ? ಗುರುವಾರ ಪತ್ರ ಬರಲಿ, ಭಾನುವಾರ ಕಳಿಸಿದರಾಯಿತು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಇಮೇಲನ್ನು ಡ್ರಾಫ್ಟಿನಲ್ಲಿ ಇಟ್ಟೆ.

ಆ ಹತ್ತು ದಿನ ನಾನು ಚೆನ್ನಾಗಿಯೇ ಊಟ ಮಾಡಿದೆ, ಚೆನ್ನಾಗಿಯೇ ನಿದ್ದೆ ಮಾಡಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು, ಆದರೆ ನಿದ್ದೆ ಬಂತು.

ಬುಧವಾರ ಮಧ್ಯಾಹ್ನ ಡ್ರೈವರ್ ಫೋನ್ ಮಾಡಿದರು. ಬೇರೆ ಎಂಜಿನಿಯರನ್ನು ಕರೆದುಕೊಂಡು ಅವರು ಅದೇ ಊರಿಗೆ ಹೋಗಿದ್ದರು.

‘ಮೇಡಂ, ಸಾಮಾನಿನ ಲಾರಿಗೆ ದಾರಿ ಬೇಕು ಅಂತ ನಿನ್ನೆ ಬುಲ್ಡೋಜರ್ ತಂದಿದ್ದಾರೆ. ಆ ಅಜ್ಜಿದು ಜಾಗ ಖಲಾಸ್.’

‘ಕೋಣೆ?’

‘ಎಂತದೂ ಇಲ್ಲ. ಪಕ್ಕದವ ನಂದೇ ತೆಗೀರಿ ಅಂತ ಸೈನ್ ಹಾಕಿದ್ದಾನೆ. ಅಜ್ಜಿ ಬರುವಾಗ ಎಲ್ಲ ಮುಗಿದಿತ್ತು. ಈಗ ಅಲ್ಲಿ ಚಾಪೆ ಹಾಕಿ ಕೂತಿದ್ದಾರೆ. ಮೇಡಂ... ನಾನು ಅವ್ರ ಹತ್ರ ಈಗ ಕೇಳಿದೆ, ಅದು ಎಂತ ಕೋಣೆ ಅಂತ. ಅದು ಹಟ್ಟಿ ಅಲ್ಲ.’

‘ಗೊತ್ತು’ ಎಂದೆ.

‘ಯಾವಾಗಿಂದ ಗೊತ್ತು?’ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ‘ಆಯ್ತು ಮೇಡಂ, ಇಡ್ತೇನೆ’ ಎಂದು ಇಟ್ಟರು. ಮಾರನೆಯ ದಿನ ನನ್ನ ಕೈಗೆ ಖಾಯಂ ಪತ್ರ ಬಂತು. ಗಂಡ ಹೋಳಿಗೆ ಮಾಡುವವರೊಬ್ಬರನ್ನು ಹುಡುಕಿ ಹತ್ತು ಹೋಳಿಗೆ ತಂದರು. ಮೂವರೂ ತಿಂದೆವು.

ಅಜ್ಜಿಯ ಮಗ ದೂರು ಕೊಟ್ಟಿದ್ದ. ಮೂರು ವಾರದ ಮೇಲೆ ಆ ಊರಿನ ಯೋಜನೆಯ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿದರು. ಒಬ್ಬ ಯುವ ಒಮಾನಿ ಅಧಿಕಾರಿ, ಬಹಳ ಸೌಮ್ಯ ಮನುಷ್ಯ, ಎಲ್ಲರಿಗೂ ಕಹ್ವಾ ತರಿಸಿದ. ಒಂದು ಕಡೆ ಅಜ್ಜಿ ಮತ್ತು ಮಗ, ಇನ್ನೊಂದು ಕಡೆ ಸಹಮ್‌ನಿಂದ ಬಂದ ಪಕ್ಕದ ಮನೆಯವನು, ನಡುವೆ ನಮ್ಮ ಹಿರಿಯ ಎಂಜಿನಿಯರ್ ಮತ್ತು ನಾನು. ಡ್ರೈವರ್ ಬಾಗಿಲ ಬಳಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅಜ್ಜಿಯ ಮುಖ ಅರಳಿತು. ಮಗನಿಗೆ ನನ್ನನ್ನು ತೋರಿಸಿ ಏನೋ ಹೇಳಿದರು. ಅವನು ಇಂಗ್ಲಿಷಿನಲ್ಲಿ ನನಗೆ ಹೇಳಿದ: ‘ಇವರು ಒಳಗೆ ಬಂದು ನೋಡಿದ್ದಾರೆ, ಇವರಿಗೆಲ್ಲ ಗೊತ್ತು, ಇವರು ಹೇಳುತ್ತಾರೆ ಅನ್ನುತ್ತಿದ್ದಾರೆ ನಮ್ಮ ತಾಯಿ.’

ಅಧಿಕಾರಿ ಎರಡೂ ಕಡೆಯವರನ್ನು ಕೇಳಿದ. ಅಜ್ಜಿ ತನ್ನ ತಾಯಿಯ ಮನೆ, ಕೆಳಗೆ ಖರ್ಜೂರದ ಕೋಣೆ ಇತ್ತು ಎಂದರು. ಪಕ್ಕದವನು ಅಂಥ ಕೋಣೆ ಇರಲಿಲ್ಲ, ತನ್ನ ತಂದೆಯ ಕಾಲದಿಂದಲೂ ಅದು ತಮ್ಮ ಆಡಿನ ಕೊಟ್ಟಿಗೆ ಎಂದ. ಕೋಣೆಯೇ ಇಲ್ಲವಲ್ಲ, ಯಾರ ಮಾತನ್ನು ಹೇಗೆ ನಂಬುವುದು? ಉಳಿದದ್ದು ನನ್ನ ಹಳದಿ ಹಾಳೆ, ಕಪ್ಪಾಗಿ ಬಂದ ಒಂದು ಫೋಟೋ, ಮತ್ತೆ ನಾನು. ಖರ್ಜೂರದ ಕೋಣೆ ಇತ್ತು ಎಂದು ತೀರ್ಮಾನವಾದರೆ ಅದು ಸ್ವತಂತ್ರ ಮನೆ, ನೆಲ ಅಜ್ಜಿಯ ಹೆಸರಿಗೆ ಬರೆಯುತ್ತೇವೆ ಎಂದು ಅಧಿಕಾರಿ ಸ್ಪಷ್ಟವಾಗಿ ಹೇಳಿದ. ನನ್ನ ಮಡಿಲಲ್ಲಿದ್ದ ಬ್ಯಾಗಿನೊಳಗೆ ಆ ಪುಸ್ತಕ ಇತ್ತು. ಹನ್ನೊಂದು ತೋಡು, ಅಡ್ಡ ಕಾಲುವೆ, ಗುಂಡಿ, ಅಳತೆಯ ಸಮೇತ. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಅಲ್ಲಿದ್ದ ಯಾವ ಒಮಾನಿಯಾದರೂ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಿದ್ದ. ಆಮೇಲೆ ಅವರು ಕೇಳುವ ಮೊದಲ ಪ್ರಶ್ನೆ, ಇದು ನಿಮ್ಮ ಹತ್ತಿರ ಇದ್ದೂ ಕೆಡವಲು ಯಾಕೆ ಬಿಟ್ಟಿರಿ ಎಂಬುದು. ಪತ್ರ ಕೈಗೆ ಬಂದಿತ್ತು, ನಿಜ. ಆದರೆ ಗಂಡನ ವೀಸಾದ ಕಾಗದ ಇನ್ನೂ ಆಫೀಸಿನ ಮೇಜಿನ ಮೇಲಿತ್ತು.

‘ಮೇಡಂ, ನೀವು ಒಳಗೆ ಹೋದಾಗ ಏನು ನೋಡಿದಿರಿ?’ ಎಂದು ಅಧಿಕಾರಿ ಕೇಳಿದ.

‘ನೆಲದ ತುಂಬ ಆಡಿನ ಹಿಕ್ಕೆ ಇತ್ತು’ ಎಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ.

‘ಬೇರೇನಾದರೂ?’

‘ಕತ್ತಲೆ ಇತ್ತು.’

ಮಗ ತಾಯಿಗೆ ಅದನ್ನು ಹೇಳಿದ. ಅಜ್ಜಿ ನನ್ನ ಕಡೆ ಬಗ್ಗಿ ಬೆರಳು ಎಳೆಯುವಂತೆ ಮೇಜಿನ ಮೇಲೆ ಎಳೆದು ತೋರಿಸಿದರು, ನೆನಪಿಲ್ಲವೇ ಎನ್ನುವಂತೆ. ನಾನು ನೀರಿನ ಲೋಟ ಎತ್ತಿಕೊಂಡೆ. ಅಧಿಕಾರಿ ಅವರ ಮುಂದೆ ಮಂಡಿಯೂರಿ ಕೂತು, ಮೆಲ್ಲನೆಯ ದನಿಯಲ್ಲಿ, ತನ್ನ ಕೈಯಲ್ಲಿ ಏನೂ ಇಲ್ಲವೆಂದು ವಿವರಿಸಿದ. ಫೈಲು ಮುಚ್ಚಿದ. ಹಿರಿಯ ಎಂಜಿನಿಯರ್ ನನಗೆ, ಸರಿಯಾಗಿ ಉತ್ತರ ಕೊಟ್ಟೆ ಎಂದರು. ಬಾಗಿಲಲ್ಲಿ ಡ್ರೈವರ್ ನೆಲ ನೋಡುತ್ತಿದ್ದರು. ಅವರಿಗೂ ಎಲ್ಲ ಗೊತ್ತಿತ್ತು. ಆದರೆ ಅವರು ಕೋಣೆಯೊಳಗೆ ಕಾಲಿಟ್ಟವರಲ್ಲ, ಅವರ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಂತವರು, ನಮ್ಮ ಆಫೀಸೇ. ಅವರ ಮೇಲೆ ನಾನು ಏನನ್ನೂ ಹೊರಿಸುವುದಿಲ್ಲ.

ಕಾರಿನಲ್ಲಿ ಕೂತ ಮೇಲೂ ಅವರು ಚಾವಿ ತಿರುಗಿಸಲಿಲ್ಲ. ಎದುರಿಗೆ ಆಫೀಸಿನ ಮೆಟ್ಟಿಲ ಮೇಲೆ ಅಜ್ಜಿ ಒಂದು ಕೈಯಿಂದ ಕಂಬ ಹಿಡಿದುಕೊಂಡು ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಮಗ ಗಾಡಿ ತರಲು ಹೋಗಿದ್ದ.

‘ಹೊರಗೆ ಬರುವಾಗ ಅಜ್ಜಿ ಮಗನ ಹತ್ರ ಎಂತ ಹೇಳಿದ್ರು ಗೊತ್ತುಂಟಾ ಮೇಡಂ?’ ಎಂದರು ಡ್ರೈವರ್.

‘ಬೈದ್ರಾ?’ ಬೈದಿದ್ದರೆ ಎಂದು ನನಗೆ ನಿಜವಾಗಿ ಆಸೆಯಾಗಿತ್ತು.

‘ಇಲ್ಲ. ಎರಡು ವರ್ಷದ ಹಿಂದೆ ಮಳೆಗೆ ಪಕ್ಕದವನ ಹಟ್ಟಿ ಬಿತ್ತಂತೆ. ಆಡು ಚಳಿಗೆ ಸಾಯ್ತದೆ ಅಂತ ಇವ್ರೇ ಕರೆದು ಒಳಗೆ ಕಟ್ಟಲಿಕ್ಕೆ ಬೀಗದ ಕೈ ಕೊಟ್ಟದ್ದಂತೆ. ಅಳೆಯಲಿಕ್ಕೆ ಬಂದ ಆ ಹೆಂಗಸು ಪಾಪ ಕಂಡದ್ದನ್ನು ಹೇಳಿದ್ಳು, ಅವ್ಳ ಮೇಲೆ ಸಿಟ್ಟು ಮಾಡ್ಬೇಡ. ಉಮ್ಮನ ಮನೆಗೆ ಆಡು ಸೇರಿಸಿದವಳು ನಾನೇ, ಮನೆ ಕಳೆದವಳೂ ನಾನೇ. ಹಾಗೆ ಹೇಳಿ ಅಳ್ತಾ ಇದ್ರು.’

ನಾನು ಕಿಟಕಿಯಿಂದ ನೋಡಿದೆ. ಒಂದು ಚಪ್ಪಲಿ ಹಾಕಿಯಾಗಿತ್ತು, ಇನ್ನೊಂದು ಮಗುಚಿಕೊಂಡಿತ್ತು, ಕಾಲಿನಿಂದಲೇ ಅದನ್ನು ನೆಟ್ಟಗೆ ಮಾಡಲು ಅವರು ಒದ್ದಾಡುತ್ತಿದ್ದರು. ಕಾರಿನಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಡ್ರೈವರ್ ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು, ನನ್ನ ಕಡೆ ತಿರುಗದೆ, ಕಾಯುತ್ತಿದ್ದರು. ನಾನು ಇಳಿಯಲಿ ಎಂದು ಅವರು ಕಾಯುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

‘ಹೊರಡಿ ಭಾಯ್’ ಎಂದೆ.